ಎರೆ ಹೊಲ, ಸವುಳು ಮಾಳಿಗೆ, ಕಾದ ಕಾವಲಿ: ಹನಿ ಬಿದ್ದ ಮೇಲೆ ಏನಾಗುತ್ತದೆ?

ಬಳ್ಳಾರಿಯ ಗಾಂಧಿನಗರದಲ್ಲಿ ಉತ್ತರೆ ಮಳೆ ಶುರುವಾದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಶೆಡ್ಡಿನ ತಗಡಿನ ಮೇಲೆ ಟಣಟಣ, ನಿಂತ ಲಾರಿಯ ತಾಡಪತ್ರಿಯ ಮೇಲೆ ದಬದಬ, ಬೇವಿನ ಮರದಲ್ಲಿ ಸರಸರ. ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿಯ ಮೇಲೆ ಮಾತ್ರ ಸದ್ದಿಗಿಂತ ಕಪ್ಪು ಚುಕ್ಕೆಗಳೇ ಹೆಚ್ಚು. ಮೂಡಿದಷ್ಟೇ ಬೇಗ ಆರಿಯೂ ಹೋಗುತ್ತವೆ. ರಸ್ತೆಯಂಚಿನ ನುಣ್ಣನೆ ಕೆಂಧೂಳಿಗೆ ಬಿದ್ದ ಸಣ್ಣ ಹನಿಯಂತೂ ಇಂಗುವುದಿಲ್ಲ, ಹರಿಯುವುದೂ ಇಲ್ಲ. ಧೂಳನ್ನೇ ಮೈಗೆ ಸುತ್ತಿಕೊಂಡು ಗೋಲಿಯಂತೆ ಕುಳಿತುಬಿಡುತ್ತದೆ.

ಮೋಡ ಒಂದೇ, ನೀರು ಒಂದೇ. ಬೇರೆಯಾದದ್ದು ಬಿದ್ದ ಜಾಗ.

ಹನಿ ಬಿದ್ದರೆ ಏನಾಗುತ್ತದೆ ಎಂಬುದು ಮಕ್ಕಳು ಕೇಳುವ ಪ್ರಶ್ನೆಯಂತೆ ಕಾಣುತ್ತದೆ. ಆದರೆ ವಿಜ್ಞಾನಿಗಳು ಇದರ ಹಿಂದೆ ಬಿದ್ದು ಒಂದೂವರೆ ಶತಮಾನವಾಯಿತು, ಕೆಲಸ ಇನ್ನೂ ಮುಗಿದಿಲ್ಲ. ಮಣ್ಣು ಕೊಚ್ಚಿ ಹೋಗುವುದು, ಬೆಳೆಗೆ ಹೊಡೆದ ಔಷಧಿ ಎಲೆಗೆ ಹತ್ತುವುದು ಅಥವಾ ಜಾರುವುದು, ಕಾದ ಉಕ್ಕಿನ ಹಾಳೆ ಸಮನಾಗಿ ತಣಿಯುವುದು, ಕೆಮ್ಮಿದವನ ಎಂಜಲು ಮಾಸ್ಕಿನಲ್ಲೇ ನಿಲ್ಲುವುದು, ಎಲ್ಲಕ್ಕೂ ಉತ್ತರ ಇಲ್ಲೇ ಇದೆ. ವಿಚಿತ್ರವೆಂದರೆ ಈ ವಿದ್ಯೆಯಲ್ಲಿ ಅತ್ಯಂತ ಖಚಿತವಾಗಿ ಗೊತ್ತಿರುವುದೆಲ್ಲ ನುಣುಪು ಗಾಜಿನ ಮೇಲೆ ಬಿದ್ದ ಹನಿಯ ಬಗ್ಗೆ. ಮಣ್ಣು, ಧೂಳು, ಎಲೆಗಳ ವಿಷಯಕ್ಕೆ ಬಂದರೆ ಲೆಕ್ಕ ತಡವರಿಸುತ್ತದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಕಡೆ ಇರುವುದೆಲ್ಲ ಇಂಥ ತಡವರಿಸುವ ಜಾಗಗಳೇ.

ಮೊದಲು ವೇಗದ ಮಾತು. ಎರಡು ಕಿಲೋಮೀಟರ್ ಎತ್ತರದಿಂದ ಬೀಳುವ ಹನಿಗೆ ಗಾಳಿಯ ತಡೆ ಇಲ್ಲದಿದ್ದರೆ ಅದು ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಂದು ಬಡಿಯಬೇಕಿತ್ತು. ಹಾಗಾಗಿದ್ದರೆ ಮಳೆಗಾಲದಲ್ಲಿ ಯಾರೂ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ಗಾಳಿ ತಡೆಯುವುದರಿಂದ ಪ್ರತಿ ಹನಿಯೂ ತನ್ನ ಗಾತ್ರಕ್ಕೆ ತಕ್ಕ ಒಂದು ವೇಗಕ್ಕೆ ಬಂದು ನಿಲ್ಲುತ್ತದೆ. ತುಂತುರಿನ ಸಣ್ಣ ಕಣ ಸೆಕೆಂಡಿಗೆ ಒಂದು ಅಡಿಯಷ್ಟೂ ಇಳಿಯದು. ಎರಡು ಮಿಲಿಮೀಟರಿನ ಹನಿ ಆರೂವರೆ ಮೀಟರ್, ಐದು ಮಿಲಿಮೀಟರಿನ ದಪ್ಪ ಹನಿ ಒಂಬತ್ತು ಮೀಟರ್. ಅದಕ್ಕಿಂತ ದಪ್ಪಗಾದರೆ ಹನಿ ಬೀಳುವ ದಾರಿಯಲ್ಲೇ ಚಪ್ಪಟೆಯಾಗಿ ಒಡೆಯುತ್ತದೆ. ಜರ್ಮನಿಯ ಫಿಲಿಪ್ ಲೆನಾರ್ಡ್ ಕೆಳಗಿನಿಂದ ಗಾಳಿ ಊದಿ ಹನಿಗಳನ್ನು ತೇಲಿಸಿ ಇದನ್ನು 1904ರಲ್ಲೇ ತೋರಿಸಿದ್ದ. ಮರುವರ್ಷ ಅವನಿಗೆ ನೊಬೆಲ್ ಬಂತು, ಆದರೆ ಅದು ಬೇರೆ ಕೆಲಸಕ್ಕೆ.

ಈ ವೇಗವೇನೂ ದೊಡ್ಡದಲ್ಲ ಎನಿಸಬಹುದು. ಒಂದು ಎಕರೆ ಹೊಲದ ಮೇಲೆ ಒಂದು ಇಂಚು ಮಳೆ ಬಿತ್ತೆಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು, ಅಂದರೆ ನೂರು ಟನ್. ರಭಸದ ಮಳೆಯಲ್ಲಿ ಅಷ್ಟೂ ನೀರು ನೆಲಕ್ಕೆ ಬಡಿಯುವ ಶಕ್ತಿ, ತಡೆಯಿಲ್ಲದೆ ಎಂಟಡಿ ಮೇಲಿನಿಂದ ಬಿದ್ದಷ್ಟು. ಹತ್ತು ಹತ್ತು ಟನ್ ಹೇರಿಕೊಂಡ ಹತ್ತು ಲಾರಿಗಳ ಮಾಲನ್ನು ಎಂಟಡಿ ಎತ್ತರದಿಂದ ಹೊಲದ ತುಂಬ ಸುರಿದಂತೆ. ಸಂಡೂರಿನ ಅದಿರು ಲಾರಿ ನೋಡಿದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.

ಬಡಿದ ಕ್ಷಣಕ್ಕೆ ಏನಾಗುತ್ತದೆ? ಹನಿಯ ತಳ ನೆಲ ಮುಟ್ಟಿದಾಗ ಮೇಲಿನ ನೀರಿಗೆ ಆ ಸುದ್ದಿ ಇನ್ನೂ ತಲುಪಿರುವುದಿಲ್ಲ. ಅದು ಮೊದಲಿನ ವೇಗದಲ್ಲೇ ಇಳಿಯುತ್ತಿರುತ್ತದೆ. ಗಟ್ಟಿ ನೆಲವಾದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗೂ ಕಡಿಮೆ ಹೊತ್ತು, ಮುಟ್ಟಿದ ಚುಕ್ಕೆಯಷ್ಟು ಜಾಗದಲ್ಲಿ, ವಾಯುಭಾರದ ನೂರರಷ್ಟು ಒತ್ತಡ ಏಳುತ್ತದೆ ಎನ್ನುತ್ತದೆ ಲೆಕ್ಕ. ಆಮೇಲೆ ನೀರು ಸುತ್ತಲೂ ತೆಳ್ಳನೆ ರೊಟ್ಟಿಯಂತೆ ಹರಡಿ, ಮೊದಲಿದ್ದ ಅಗಲದ ಮೂರು ನಾಲ್ಕು ಪಟ್ಟಾಗುತ್ತದೆ. ಅಂಚಿನಲ್ಲಿ ಉಬ್ಬು, ಉಬ್ಬಿನಿಂದ ಬೆರಳುಗಳು, ಬೆರಳ ತುದಿಯಿಂದ ಮರಿಹನಿಗಳು. ಹರಡುವ ಬಲ ತೀರಿದ ಮೇಲೆ ನೀರಿನ ಮೇಲ್ಮೈ ಎಳೆತ ಅದನ್ನು ಮತ್ತೆ ಒಳಕ್ಕೆ ಸೆಳೆಯುತ್ತದೆ. ನೆಲ ನೀರನ್ನು ಹಿಡಿದುಕೊಳ್ಳುವ ಜಾತಿಯದಾದರೆ ಹನಿ ಅಲ್ಲೇ ಉಳಿಯುತ್ತದೆ. ನೀರನ್ನೊಲ್ಲದ ಜಾತಿಯದಾದರೆ ಮುದುಡಿ, ನಿಮಿರಿ, ಚೆಂಡಿನಂತೆ ಪುಟಿದೇಳುತ್ತದೆ. ಇಡೀ ಆಟ ಮುಗಿಯಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಇಂಥ ಹತ್ತಾರು ಆಟ ಆಗಿಹೋಗುತ್ತವೆ.

ಇದನ್ನು ಮೊದಲು ಪಟ್ಟುಹಿಡಿದು ನೋಡಿದವನು ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್. ಮಸಿ ಹಿಡಿದ ಗಾಜಿನ ಮೇಲೆ ಅಕಸ್ಮಾತ್ತಾಗಿ ಬಿದ್ದ ಶಾಯಿಯ ಹನಿಗಳು ಬಿಟ್ಟ ಗುರುತು ಅವನನ್ನು ಈ ದಾರಿಗೆ ಎಳೆಯಿತು. 1876ರಲ್ಲಿ ಮೊದಲ ಪ್ರಬಂಧ ಬಂತು. ಕತ್ತಲೆ ಕೋಣೆಯಲ್ಲಿ ಹನಿ ಬೀಳಿಸುವುದು, ತಕ್ಕ ಕ್ಷಣಕ್ಕೆ ವಿದ್ಯುತ್ ಕಿಡಿ ಹಾರಿಸುವುದು, ಆ ಬೆಳಕಿನಲ್ಲಿ ಕಂಡದ್ದನ್ನು ನೆನಪಿನಿಂದ ಬರೆಯುವುದು, ಮುಂದಿನ ಹನಿಗೆ ಕಿಡಿಯನ್ನು ಇಷ್ಟೇ ಇಷ್ಟು ತಡಮಾಡುವುದು. ಸುಮಾರು ಇಪ್ಪತ್ತು ವರ್ಷ ಅವನು ಬರೆದ ಚಿತ್ರಗಳೆಲ್ಲ ರಂಗೋಲಿಯಂತೆ ಸುತ್ತಲೂ ಸರಿಸಮ. 1894ರಲ್ಲಿ ಅದೇ ಕಿಡಿಯ ಬೆಳಕಿನಲ್ಲಿ ಫೋಟೊ ತೆಗೆಯುವುದು ಸಾಧ್ಯವಾದಾಗ ತಿಳಿಯಿತು, ನಿಜವಾದ ಚಿಮ್ಮು ಸೊಟ್ಟಸೊಟ್ಟ. ಒಂದು ಬೆರಳು ಉದ್ದ, ಒಂದು ಗಿಡ್ಡ, ಒಂದು ಕಡೆ ಹರಿದ ಅಂಚು. ಇಷ್ಟು ವರ್ಷ ಅವನ ಕೈ ಹನಿಯನ್ನು ತಿದ್ದುತ್ತ ಬಂದಿತ್ತು. ತನ್ನ ತಪ್ಪನ್ನು ಅವನು ಮುಚ್ಚಿಡದೆ ಬರೆದುಕೊಂಡ. 1908ರ ಅವನ ಪುಸ್ತಕ ಇಂದಿಗೂ ಈ ಕ್ಷೇತ್ರದ ಮೂಲಗ್ರಂಥ. ಮುಂದೆ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಹನಿಯ ಕಿರೀಟದ ಫೋಟೊ ಜಗತ್ತಿನ ಗೋಡೆಗಳ ಮೇಲೆಲ್ಲ ತೂಗಿತು. ಚೆಂದದ ಚಿತ್ರವೇ. ಆದರೆ ಹನಿಯೆಂದರೆ ಕಿರೀಟ ಎಂಬ ನಂಬಿಕೆಯನ್ನು ಮತ್ತೆ ಊರಿದ್ದೂ ಅದೇ.

ಪುಟಿಯುವುದೋ ಅಂಟುವುದೋ ಒಡೆಯುವುದೋ ಎಂದು ಮುಂಚೆಯೇ ಹೇಳಲು ಭೌತವಿಜ್ಞಾನಿಗಳು ಒಂದು ತಕ್ಕಡಿ ಇಟ್ಟುಕೊಂಡಿದ್ದಾರೆ. ಒಂದು ಕಡೆ ಹನಿಯ ಓಟದ ಬಲ, ಇನ್ನೊಂದು ಕಡೆ ಅದನ್ನು ಉಂಡೆಯಾಗಿ ಹಿಡಿದಿಡುವ ಮೇಲ್ಮೈ ಎಳೆತ. ಇವೆರಡರ ಅನುಪಾತಕ್ಕೆ ವೆಬರ್ ಸಂಖ್ಯೆ ಎಂದು ಹೆಸರು. ಎರಡು ಮಿಲಿಮೀಟರಿನ ಮಳೆಹನಿಗೆ ಅದು ಸಾವಿರದ ಆಸುಪಾಸು. ಪಂಪಿನಿಂದ ಹೊರಟು ಎಲೆಗೆ ಮೆಲ್ಲಗೆ ತಾಗುವ ಔಷಧಿಯ ಕಣಕ್ಕೆ ಒಂದಂಕಿಯೋ ಎರಡಂಕಿಯೋ. ಆದರೆ 2005ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಲೇ ಶು, ವೆಂಡಿ ಜಾಂಗ್, ಸಿಡ್ನಿ ನೇಗಲ್ ಮಾಡಿದ ಒಂದು ಪ್ರಯೋಗ ಈ ತಕ್ಕಡಿಯನ್ನೇ ಅಲುಗಿಸಿತು. ನುಣುಪು ಗಾಜಿನ ಮೇಲೆ ಹನಿ ಬೀಳಿಸುತ್ತ, ಸುತ್ತಲಿನ ಗಾಳಿಯನ್ನು ಹಂತಹಂತವಾಗಿ ಹೊರಗೆಳೆದರು. ಅದೇ ಹನಿ, ಅದೇ ಎತ್ತರ, ಅದೇ ಗಾಜು. ಗಾಳಿ ತೆಳುವಾದಂತೆ ಚಿಮ್ಮು ಕುಗ್ಗಿ, ಕೊನೆಗೆ ಪೂರ್ತಿ ನಿಂತುಹೋಯಿತು. ನೀರು ಮತ್ತು ನೆಲದ ಜಗಳ ಎಂದುಕೊಂಡಿದ್ದರಲ್ಲಿ ಮೂರನೆಯವನೊಬ್ಬ ಇದ್ದ. ಗಾಳಿ ಇದನ್ನು ನಿಖರವಾಗಿ ಹೇಗೆ ಮಾಡುತ್ತದೆ ಎಂಬ ವಾದ ಅಲ್ಲಿಂದ ಈಚೆಗೆ ನಡೆದೇ ಇದೆ.

ಗಾಜಿನಿಂದ ಹೊಲಕ್ಕೆ ಬರೋಣ.

ಮಳೆನೀರು ಹರಿದು ಮಣ್ಣನ್ನು ಕೊಚ್ಚುತ್ತದೆ ಎಂಬುದು ಎಲ್ಲರ ತಿಳಿವಳಿಕೆ. ಹರಿಯುವುದಕ್ಕೂ ಮೊದಲು, ಬಡಿಯುವಾಗಲೇ ಅರ್ಧ ಹಾನಿ ಆಗಿರುತ್ತದೆ ಎಂದು ಅಳೆದು ತೋರಿಸಿದ್ದು ಅಮೆರಿಕದ ಡಬ್ಲ್ಯೂ. ಡಿ. ಎಲಿಸನ್, 1944ರಲ್ಲಿ. ಬರಿನೆಲದ ಮೇಲೆ ಬಿದ್ದ ಹನಿ ಹೆಂಟೆಯ ಕಣಗಳನ್ನು ಬಿಡಿಸಿ, ಎರಡಡಿ ಮೇಲಕ್ಕೂ ಐದಡಿ ದೂರಕ್ಕೂ ಎಸೆಯಬಲ್ಲದು. ಇಳಿಜಾರಿನಲ್ಲಿ ಕೆಳಮುಖವಾಗಿ ಹಾರಿದ ಮಣ್ಣು ಮೇಲ್ಮುಖವಾಗಿ ಹಾರಿದ್ದಕ್ಕಿಂತ ದೂರ ಹೋಗಿ ಬೀಳುತ್ತದೆ. ಹೊಳೆ ಹಳ್ಳ ಯಾವುದೂ ಇಲ್ಲದೆಯೇ ಹೊಲ ಇಷ್ಟಿಷ್ಟೇ ಕೆಳಗೆ ಜರುಗುತ್ತದೆ. ಗೋಡೆಯ ಬುಡದಲ್ಲಿ ಮಳೆಗಾಲದಲ್ಲಿ ಮೊಣಕಾಲೆತ್ತರದವರೆಗೆ ಹತ್ತುವ ಕೆಂಪು ಪಟ್ಟಿ ಇದೇ ಮಣ್ಣು. ಸುಣ್ಣ ಬಳಿದ ಪ್ರತಿ ಮನೆಯೂ ಒಂದು ಅಳತೆಪಟ್ಟಿ.

ಬಳ್ಳಾರಿಯ ಎರೆ ಹೊಲಕ್ಕೆ ಈ ಪೆಟ್ಟು ಇನ್ನೂ ಬಿರುಸು. ಜಿಲ್ಲೆಗೆ ವರ್ಷಕ್ಕೆ ಬೀಳುವುದೇ ಸುಮಾರು 500 ಮಿಲಿಮೀಟರ್; ಅದರಲ್ಲಿ ಬಲವಾದದ್ದೆಲ್ಲ ಸೆಪ್ಟೆಂಬರ್, ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ನೀರಾವರಿ ಇಲ್ಲದ ಆಳವಾದ ಎರೆಯನ್ನು ಒಕ್ಕಲಿಗರು ಮುಂಗಾರಿನಲ್ಲಿ ಹಾಗೇ ಬಿಟ್ಟು, ಹಸಿ ಕೂಡಿಟ್ಟುಕೊಂಡು ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವುದು ವಾಡಿಕೆ. ಅಂದರೆ ಹನಿ ಬಡಿಯುವ ಕಾಲಕ್ಕೆ ಹೊಲದ ಮೇಲೆ ಒಂದೆಲೆಯ ಹೊದಿಕೆಯೂ ಇಲ್ಲ. ಬಡಿದ ಹನಿ ಹೆಂಟೆಯನ್ನು ಒಡೆದು ನುಣ್ಣನೆ ಜೇಡಿಯನ್ನು ಬಿಡಿಸುತ್ತದೆ. ಆ ಜೇಡಿ ನೀರಿನೊಂದಿಗೆ ಇಳಿದು ಮಣ್ಣಿನ ಸಂದುಗಳಲ್ಲಿ ಕೂತು, ಕೆಲವೇ ಮಿಲಿಮೀಟರಿನ ಒಂದು ತೆಳು ಪೊರೆ ಕಟ್ಟುತ್ತದೆ. ಅಲ್ಲಿಗೆ ಬಾಗಿಲು ಹಾಕಿದಂತೆ. ಕೆಳಗೆ ಮಣ್ಣು ಒಣಗಿಯೇ ಇರುತ್ತದೆ, ಮೇಲೆ ನೀರು ಹರಿದು ಹಳ್ಳ ಸೇರುತ್ತದೆ. ಮಳೆ ನಿಂತು ಹದ ಬಂದ ಕೂಡಲೇ ಕುಂಟೆ ಹೊಡೆದು ಹರಗುವುದು ಕಳೆ ತೆಗೆಯುವುದಕ್ಕಷ್ಟೇ ಅಲ್ಲ, ಈ ಹೆಪ್ಪನ್ನು ಮುರಿಯುವುದಕ್ಕೂ ಹೌದು. ಹನಿಯ ಪೆಟ್ಟಿನ ವಿಜ್ಞಾನ ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಅದರ ಮದ್ದು ಹೊಲದಲ್ಲಿ ಓಡಾಡುತ್ತಿತ್ತು.

ಈ ನೆಲದ ಗೋಳನ್ನು ಅಭ್ಯಾಸ ಮಾಡಿದ ಸಂಸ್ಥೆಗಳಿಗೂ ಇಲ್ಲಿ ಹಳೆಯ ಬೇರಿದೆ. ಬಳ್ಳಾರಿ ಸಮೀಪದ ಹಗರಿ, 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ದೇಶದಲ್ಲಿ ಆಯ್ದುಕೊಂಡ ಬೆರಳೆಣಿಕೆಯ ಜಾಗಗಳಲ್ಲಿ ಒಂದು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಕೇಂದ್ರ ಶುರುವಾಯಿತು, ಅದೂ ಎರೆ ಭೂಮಿಯನ್ನೇ ಗುರಿಯಾಗಿಟ್ಟುಕೊಂಡು. ಒಡ್ಡು ಹಾಕುವುದು, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಹರಿದ ನೀರನ್ನು ಕೃಷಿಹೊಂಡದಲ್ಲಿ ಹಿಡಿಯುವುದು ಇಲ್ಲಿನ ದೊಡ್ಡ ಕೆಲಸಗಳು. ಇವೆಲ್ಲ ಹನಿ ಬಿದ್ದ ಮೇಲಿನ ಉಪಾಯ. ಬೀಳುವ ಹನಿಯನ್ನೇ ತಡೆಯುವ ಉಪಾಯ ಇನ್ನೂ ಸರಳ: ಹೊಲಕ್ಕೆ ಹೊದಿಕೆ. ಸೋಗೆಯೋ ಸೊಪ್ಪೆಯೋ ನೆಲದ ಮೇಲೆ ಹರವಿದ್ದರೆ ಹನಿ ತನ್ನ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿ, ಮಣ್ಣಿಗೆ ಮೆಲ್ಲಗೆ ಇಳಿಯುತ್ತದೆ. ತೊಡಕೇನೆಂದರೆ, ಜೋಳದ ಸೊಪ್ಪೆ ಈ ಸೀಮೆಯಲ್ಲಿ ಎತ್ತಿನ ಮೇವು. ನೆಲಕ್ಕೋ ಎತ್ತಿಗೋ ಎಂದು ಕೇಳಿದರೆ ಉತ್ತರ ಯಾವತ್ತೂ ಎತ್ತಿನ ಕಡೆಗೇ.

ಇಲ್ಲೊಂದು ಸ್ವಾರಸ್ಯವಿದೆ. ಸೋಡಿಯಂ ಹೆಚ್ಚಾದ ಸವುಳು ಮಣ್ಣು (ಕೆಲವೆಡೆ ಚೌಳು ಎನ್ನುತ್ತಾರೆ) ಬೇಸಾಯಗಾರನ ಶತ್ರು. ಸೋಡಿಯಂ ಹಿಡಿದ ಜೇಡಿಯ ಕಣಗಳು ಮಳೆನೀರು ತಾಗಿದೊಡನೆ ಒಂದನ್ನೊಂದು ದೂಡಿ ಚದುರುತ್ತವೆ, ಹನಿಯ ಪೆಟ್ಟಿಗೆ ಬಹಳ ಬೇಗ ಪೊರೆ ಕಟ್ಟುತ್ತವೆ. ತುಂಗಭದ್ರಾ ಅಚ್ಚುಕಟ್ಟಿನ ತಗ್ಗು ಹೊಲಗಳಲ್ಲಿ ಇಂಥ ನೆಲಕ್ಕೆ ಜಿಪ್ಸಂ ಹಾಕಿ ಸರಿಪಡಿಸಲು ಒದ್ದಾಡುತ್ತಾರೆ. ಆದರೆ ಇದೇ ಸವುಳು ಮಣ್ಣನ್ನು ಹುಡುಕಿಕೊಂಡು ಹೋಗಿ ಚಕ್ಕಡಿಯಲ್ಲಿ ತುಂಬಿ ತರುತ್ತಿದ್ದ ಕಾಲವೂ ಇತ್ತು, ಮಾಳಿಗೆಗೆ ಹಾಕಲು. ಬಯಲುಸೀಮೆಯ ಮಣ್ಣಿನ ಮಾಳಿಗೆಯಲ್ಲಿ ತೊಲೆ, ಜಂತಿಗಳ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವುಳಿನ ಪದರ. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹರವಿ ಬಡಿಯುತ್ತಿದ್ದರು. ಮೊದಲ ಮಳೆಯ ಹನಿಗಳು ಆ ಮಣ್ಣನ್ನು ಬಡಿದು, ಕದಡಿ, ತಾವೇ ಸಂದುಗಳನ್ನು ಮುಚ್ಚಿ, ಮುಂದಿನ ಮಳೆ ಒಳಗಿಳಿಯದಂತೆ ಮಾಡುತ್ತಿದ್ದವು. ಹೊಲವನ್ನು ಕೆಡಿಸುವ ಅದೇ ಪೊರೆ ಮನೆಯನ್ನು ಕಾಯುತ್ತಿತ್ತು. ಸೋಡಿಯಂ ಹೆಚ್ಚಿದಂತೆ ಮಣ್ಣು ಬೇಗ ಹೆಪ್ಪುಗಟ್ಟುತ್ತದೆ ಎಂಬುದನ್ನು ಪ್ರಯೋಗಾಲಯದ ಕೃತಕ ಮಳೆಯಲ್ಲಿ ಅಳೆದು ಇಸ್ರೇಲಿನ ಮಣ್ಣು ವಿಜ್ಞಾನಿಗಳು ಪ್ರಕಟಿಸಿದ್ದು 1980ರ ದಶಕದ ಆರಂಭದಲ್ಲಿ. ಮಾಳಿಗೆ ಕಟ್ಟಿದವರು ಅಷ್ಟು ಹೊತ್ತಿಗೆ ಆರ್‌ಸಿಸಿಯ ಕಡೆ ಹೊರಳಿದ್ದರು.

ಸಿರುಗುಪ್ಪದ ಕಡೆ ಹೊರಟರೆ ಪ್ರಶ್ನೆ ಮಣ್ಣಿನಿಂದ ಎಲೆಗೆ ಏರುತ್ತದೆ. ಕಾಲುವೆ ನೀರಿನ ಭತ್ತ, ಹತ್ತಿ, ಮೆಣಸಿನಕಾಯಿ. ಮೂರಕ್ಕೂ ಎಣ್ಣೆ ಹೊಡೆಯಲೇಬೇಕು. ಎಣ್ಣೆ ಎಂದರೆ ಇಲ್ಲಿ ಅಡುಗೆ ಎಣ್ಣೆಯಲ್ಲ, ಕೀಟನಾಶಕ. ಬೆನ್ನಿಗೆ ಹಾಕಿಕೊಳ್ಳುವ ಹದಿನಾರು ಲೀಟರಿನ ಪಂಪಿನಿಂದ ಎಕರೆಗೆ ಹತ್ತು ಹನ್ನೆರಡು ಸಲ ತುಂಬಿ ಹೊಡೆಯುತ್ತಾರೆ. ಅದರಲ್ಲಿ ಎಲೆಯ ಮೇಲೆ ನಿಲ್ಲುವುದು ಎಷ್ಟು, ನೆಲಕ್ಕಿಳಿಯುವುದು ಎಷ್ಟು ಎಂಬುದು ಹನಿ ಎಲೆಗೆ ತಾಗಿದ ಆ ನೂರನೇ ಒಂದು ಸೆಕೆಂಡಿನಲ್ಲಿ ತೀರ್ಮಾನವಾಗುತ್ತದೆ.

ಕೆಸುವಿನೆಲೆಯ ಮೇಲಿನ ನೀರು ಎಂಬ ಮಾತು ಕನ್ನಡದಲ್ಲಿ ಹಳೆಯದು. ಆ ಎಲೆ ಯಾಕೆ ನೀರೊಲ್ಲದು ಎಂಬುದಕ್ಕೆ ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿಗಳಾದ ಬಾರ್ತ್‌ಲೋಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರ ಕೊಟ್ಟರು. ತಾವರೆಯಂಥ ಎಲೆಗಳ ಮೈಮೇಲೆ ಕಣ್ಣಿಗೆ ಕಾಣದ ಗುಬುಟುಗಳು, ಗುಬುಟುಗಳ ಮೇಲೆ ಮೇಣದ ಇನ್ನೂ ಸಣ್ಣ ಕಡ್ಡಿಗಳು. ಹನಿ ಅವುಗಳ ತುದಿಗಳ ಮೇಲೆ ಮಲಗಿರುತ್ತದೆ, ಕೆಳಗೆಲ್ಲ ಗಾಳಿ. ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಭತ್ತದ ಎಲೆಯೂ ಇದೇ ಕುಲದ್ದು, ಒಂದು ವ್ಯತ್ಯಾಸದೊಂದಿಗೆ: ಅದರ ಗುಬುಟುಗಳು ಎಲೆಯ ಉದ್ದಕ್ಕೆ ಸಾಲುಗಟ್ಟಿವೆ. ಹಾಗಾಗಿ ಹನಿ ಉದ್ದಕ್ಕೆ ಸಲೀಸಾಗಿ ಜಾರುತ್ತದೆ, ಅಡ್ಡಕ್ಕೆ ತಡೆಯುತ್ತದೆ. ಗಿಡಕ್ಕೆ ಇದರಿಂದ ಲಾಭವೇ. ಔಷಧಿ ಹೊಡೆಯುವವನಿಗೆ ಮಾತ್ರ ಹನಿ ಎಲೆಯ ಮೇಲೆ ಕುಣಿದು ಕೆಸರಿಗೆ ಜಾರುವುದನ್ನು ನೋಡುತ್ತ ನಿಲ್ಲುವ ಪಾಡು. ಪಕ್ಕದ ಹೊಲದ ಹತ್ತಿಯ ಎಲೆಯಲ್ಲಿ ಈ ತೊಂದರೆ ಇಷ್ಟಿಲ್ಲ. ಅಲ್ಲಿ ಹೆಚ್ಚು ಹೊಡೆದರೆ ಹನಿಗಳು ಕೂಡಿಕೊಂಡು ತೊಟ್ಟಿಕ್ಕುತ್ತವೆ. ಹೀಗಾಗಿ ಭತ್ತಕ್ಕೆ ಒಪ್ಪಿದ ಹದವನ್ನೇ ಹತ್ತಿಗೆ ಹೂಡುವಂತಿಲ್ಲ.

ಇದಕ್ಕೆ ರೈತರು ಕಂಡುಕೊಂಡದ್ದು ಅಂಟು. ಅಂಗಡಿಯಲ್ಲಿ ಸ್ಟಿಕ್ಕರ್, ಸ್ಪ್ರೆಡರ್ ಎಂದು ಕೇಳಿ ತರುತ್ತಾರೆ. ಇಲ್ಲದಿದ್ದರೆ ಸೋಪಿನ ಪುಡಿ, ಒಂದೆರಡು ಪೊಟ್ಟಣ ಶ್ಯಾಂಪೂ. ಉಪಾಯ ತಪ್ಪೇನಲ್ಲ, ಅರ್ಧ ಸರಿ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ಕೂತ ಹನಿ ಹರಡಿಕೊಳ್ಳುತ್ತದೆ. ಆದರೆ ಬಡಿದ ಹನಿ ಕೆಲವೇ ಮಿಲಿಸೆಕೆಂಡಿನಲ್ಲಿ ಹಿಗ್ಗುತ್ತದೆ, ಹಿಗ್ಗಿದಾಗ ಹೊಸ ಮೇಲ್ಮೈ ಹುಟ್ಟುತ್ತದೆ. ಸೋಪಿನ ಅಣುಗಳು ಒಳಗಿನಿಂದ ಅಲ್ಲಿಗೆ ಓಡಿ ಬರುವಷ್ಟರಲ್ಲಿ ಹನಿ ಪುಟಿದು ಹೋಗಿರಬಹುದು. ಬಕೆಟ್ಟಿನಲ್ಲಿ ನೊರೆ ಬಂತೆಂದರೆ ಎಲೆಯ ಮೇಲೆ ಹತ್ತಿತೆಂದು ಅರ್ಥವಲ್ಲ. ಬೇರೆ ದಾರಿಯೊಂದನ್ನು ಫ್ರಾನ್ಸಿನಲ್ಲಿ ಬರ್ಜೆರಾನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಉದ್ದ ಎಳೆಯ ಪಾಲಿಮರನ್ನು ಚಿಟಿಕೆಯಷ್ಟು ಬೆರೆಸಿದರೆ ಹನಿ ಎಂದಿನಂತೆ ಹರಡುತ್ತದೆ, ಆದರೆ ಮುದುಡುವಾಗ ನಿಧಾನಿಸಿ, ಪುಟಿಯಲಾರದೆ ಅಲ್ಲೇ ಉಳಿಯುತ್ತದೆ. ಯಾಕೆ ಎಂಬುದಕ್ಕೆ ಅವರು ಕೊಟ್ಟ ಕಾರಣವನ್ನು ಮುಂದಿನವರು ಒಪ್ಪಲಿಲ್ಲ. ಎಳೆಗಳ ಕಿತಾಪತಿ ಹನಿಯ ಒಳಗಲ್ಲ, ಅಂಚಿನಲ್ಲಿ ಎಂದರು. 2016ರಲ್ಲಿ ಎಂಐಟಿಯ ಕೃಪಾ ವಾರಾಣಸಿ ಅವರ ತಂಡ ಇನ್ನೊಂದು ಜಾಣತನ ತೋರಿಸಿತು: ವಿರುದ್ಧ ವಿದ್ಯುದಂಶದ ಎರಡು ಪದಾರ್ಥಗಳನ್ನು ಬೇರೆ ಬೇರೆ ದ್ರಾವಣಗಳಲ್ಲಿ ಒಟ್ಟಿಗೆ ಸಿಂಪಡಿಸಿದರೆ, ಹನಿ ಹನಿ ಕೂಡಿದಲ್ಲಿ ಎಲೆಯ ಮೇಲೆ ಕಣ್ಣಿಗೆ ಕಾಣದ ಗಂಟುಗಳು ಮೂಡಿ ನೀರನ್ನು ಹಿಡಿದುಕೊಳ್ಳುತ್ತವೆ.

ಈಗ ಡ್ರೋನು ಬಂದಿದೆ. ಎಕರೆಗೆ ಸುಮಾರು ಹತ್ತು ಲೀಟರಿನಲ್ಲೇ ಕೆಲಸ ಮುಗಿಯುತ್ತದೆ. ನೀರು ಇಷ್ಟು ಇಳಿದರೆ ಪ್ರತಿ ಹನಿಯಲ್ಲೂ ಔಷಧಿ ಗಾಢ, ಪ್ರತಿ ಹನಿಯೂ ಲೆಕ್ಕಕ್ಕೆ. ಹನಿಯ ಅಡ್ಡಳತೆ ಅರ್ಧವಾದರೆ ಅದೇ ನೀರಿನಿಂದ ಎಂಟು ಪಟ್ಟು ಹನಿಗಳಾಗುತ್ತವೆ, ಎಲೆಯನ್ನು ಚೆನ್ನಾಗಿ ಮುಚ್ಚುತ್ತವೆ, ಪುಟಿಯುವುದೂ ಕಡಿಮೆ. ಆದರೆ ಸಣ್ಣ ಹನಿ ಗಾಳಿಯ ಪಾಲಾಗಿ ಪಕ್ಕದ ಹೊಲಕ್ಕೆ, ಕಾಲುವೆಗೆ, ಹಾದಿಯಲ್ಲಿ ಹೋಗುವವರ ಮೈಮೇಲೆ ಹಾರುತ್ತದೆ. ಬಳ್ಳಾರಿಯ ಬಿಸಿಲಲ್ಲಿ ಕೆಳಗಿಳಿಯುವ ಮುಂಚೆ ಆರುವುದೂ ಉಂಟು. ಪ್ರಯೋಗಗಳಲ್ಲಿ ಬಳಸುವುದು ತೊಳೆದ, ಎಳೆಯ ಎಲೆ. ರಸ್ತೆಬದಿಯ ಹೊಲದ ಎಲೆಯ ಮೇಲೆ ಧೂಳಿದೆ, ಹೇನಿನ ಅಂಟಿದೆ, ಹಿಂದಿನ ವಾರದ ಔಷಧಿಯ ಕಲೆಯಿದೆ. ಅಂಥ ಎಲೆಯ ಮೇಲೆ ಹನಿ ಏನು ಮಾಡುತ್ತದೆಂದು ಹೇಳುವ ಸೂತ್ರ ಯಾವ ಪುಸ್ತಕದಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ಈ ವಿದ್ಯೆಯ ಕೊರತೆ ಇರುವುದು ಇಲ್ಲೇ.

ಎಲೆಗೆ ಬಡಿದ ಮಳೆಹನಿ ರೋಗವನ್ನೂ ಹೊತ್ತು ಹಾರುತ್ತದೆ. ಭತ್ತದ ದುಂಡಾಣು ಎಲೆ ಅಂಗಮಾರಿ ಗಾಳಿಮಳೆ ಬಂದುಹೋದ ಮೇಲೆ ಹೊಲದಲ್ಲಿ ಕಾಲು ಚಾಚುವುದೂ, ಮೆಣಸಿನಕಾಯಿಯ ಹಣ್ಣುಕೊಳೆ ಒಂದು ಗಿಡದಿಂದ ಪಕ್ಕದ್ದಕ್ಕೆ ದಾಟುವುದೂ ಮುಖ್ಯವಾಗಿ ಈ ಚಿಮ್ಮಿನಿಂದ. ರೋಗದ ಎಲೆಯ ಮೇಲೆ ಮೊದಲೇ ಕೂತ ಹನಿಯ ಪಕ್ಕದಲ್ಲಿ ಹೊಸ ಹನಿ ಬಿದ್ದರೆ, ಎಲೆ ಚಮ್ಮಟಿಯಂತೆ ಬಾಗಿ ಹಳೆಯ ಹನಿಯನ್ನು ಎಸೆಯುತ್ತದೆ. ಎಂಐಟಿಯ ಲಿಡಿಯಾ ಬೂರುಯಿಬಾ ಮತ್ತು ಬೆಲ್ಜಿಯಂನ ತ್ರಿಸ್ತಾನ್ ಜಿಲೆ ಇದನ್ನು 2015ರಲ್ಲಿ ವೇಗದ ಕ್ಯಾಮೆರಾದಲ್ಲಿ ಹಿಡಿದರು.

ಹನಿಯ ಪೆಟ್ಟನ್ನು ನೋಡುವ ಇದೇ ಬುದ್ಧಿ ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲಿ ಬೇರೆ ರೀತಿ ಒದಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಮತ್ತು ಜೊತೆಗಾರರು ಕೆಮ್ಮಿನ ಹನಿಯನ್ನು ಹೋಲುವ ದ್ರವವನ್ನು ಮಾಸ್ಕಿನ ಬಟ್ಟೆಗೆ ರಭಸದಿಂದ ಬಡಿದು ನೋಡಿದರು, 2021ರಲ್ಲಿ ಪ್ರಕಟವಾಯಿತು. ಒಂದೇ ಪದರವಾದರೆ ದೊಡ್ಡ ಹನಿ ಬಟ್ಟೆಯ ಕಣ್ಣುಗಳಲ್ಲಿ ನುಗ್ಗಿ, ಇನ್ನೂ ಸಣ್ಣ, ಗಾಳಿಯಲ್ಲಿ ತೇಲಬಲ್ಲ ಹನಿಗಳಾಗಿ ಆಚೆ ಬರುತ್ತದೆ. ಮೂರು ಪದರವಾದರೆ ಹೆಚ್ಚುಕಡಿಮೆ ಎಲ್ಲವೂ ಒಳಗೇ ನಿಲ್ಲುತ್ತವೆ.

ಕಾದ ಮೈಯ ಕತೆ ಬೇರೆ. ದೋಸೆಯ ಹೋಟೆಲಿನಲ್ಲಿ ಕಾವಲಿಗೆ ಕೈನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಎಳೆಯುವುದನ್ನು ನೋಡದವರಿಲ್ಲ. ಕಾವಲಿ ಹದವಾಗಿದ್ದರೆ ನೀರು ಚುಂಯ್ ಎಂದು ಹರಡಿ ಆರುತ್ತದೆ. ಮಿತಿಮೀರಿ ಕಾದಿದ್ದರೆ ಸದ್ದೇ ಇಲ್ಲ. ಹನಿಗಳು ಪಾದರಸದ ಗುಂಡುಗಳಾಗಿ ಓಡಾಡುತ್ತವೆ, ಆರಲು ಹೆಚ್ಚು ಹೊತ್ತು ಹಿಡಿಯುತ್ತವೆ. ಹನಿಯ ತಳ ಹಬೆಯಾಗಿ, ಆ ಹಬೆಯ ಹಾಸಿಗೆಯ ಮೇಲೆ ಉಳಿದ ಹನಿ ತೇಲುತ್ತದೆ, ಕಾವು ಒಳಕ್ಕೆ ಇಳಿಯುವುದಿಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಕಾದ ಸೌಟಿನಲ್ಲಿ ಹನಿ ಹಾಕಿ ಇದನ್ನು 1756ರಲ್ಲಿ ಬರೆದಿಟ್ಟ. ಹೆಸರೂ ಅವನದೇ ಉಳಿಯಿತು. ನೀರಿಗೆ ಇದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ ಶುರು, ಲೋಹದ ನುಣುಪು ಒರಟಿನ ಮೇಲೆ ಏರುಪೇರು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಇದೇ ಕಾವಲಿ ನೂರಾರು ಮೀಟರ್ ಉದ್ದವಿರುತ್ತದೆ. ರೋಲರುಗಳಿಂದ ಹೊರಬೀಳುವ ಉಕ್ಕಿನ ಹಾಳೆ 850ರಿಂದ 900 ಡಿಗ್ರಿ. ಸುರುಳಿ ಸುತ್ತುವ ಮುನ್ನ ಅದನ್ನು 600ರ ಆಸುಪಾಸಿಗೆ ಇಳಿಸಬೇಕು. ಮೇಲಿನಿಂದ ನೀರು ಸುರಿದರೆ ಹಬೆಯ ಹಾಸಿಗೆ ಅಡ್ಡ ಬರುತ್ತದೆ. ಹಾಳೆ ತಣಿಯುತ್ತ ಬಂದಂತೆ ಆ ಹಾಸಿಗೆ ಅಲ್ಲಲ್ಲಿ ಹರಿದು, ಹರಿದಲ್ಲಿ ನೀರು ನೇರ ತಾಗಿ ಕಾವು ಥಟ್ಟನೆ ಕುಸಿಯುತ್ತದೆ. ಒಂದು ಕಡೆ ಬೇಗ, ಒಂದು ಕಡೆ ತಡ ಆದರೆ ಹಾಳೆ ಸೊಟ್ಟಗಾಗುತ್ತದೆ, ಗಟ್ಟಿತನವೂ ಒಂದೇ ಸಮ ಇರುವುದಿಲ್ಲ. ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರದಂಥ ಕಡೆ ಪಾತ್ರ ಅದಲುಬದಲು: ಹಬೆ ಟರ್ಬೈನಿನ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒದ್ದೆಯಾಗಿ ಅದರಲ್ಲಿ ಹನಿಗಳು ಮೂಡಿರುತ್ತವೆ, ಅಲಗುಗಳೇ ಹೋಗಿ ಅವುಗಳಿಗೆ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಬಡಿಯುತ್ತವೆ. ಆ ವೇಗದಲ್ಲಿ ಏಳುವ ಒತ್ತಡ ವಾಯುಭಾರದ ಸಾವಿರಾರು ಪಟ್ಟು. ವರ್ಷಗಟ್ಟಲೆ ಪೆಟ್ಟು ತಿಂದ ಅಲಗಿನ ಅಂಚು ಗರಗಸದಂತಾಗುತ್ತದೆ ಎಂದೇ ಅಂಥ ಅಂಚಿಗೆ ವಿಶೇಷ ಗಟ್ಟಿ ಲೋಹದ ಕವಚ ಹಾಕುವುದುಂಟು.

ಹನಿಯ ಪೆಟ್ಟು ಮೂಗಿಗೂ ತಾಗುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದು ಮೂಗಿಗೆ ಹೇಗೆ ಬರುತ್ತದೆ ಎಂಬುದು ಗೊತ್ತಾದದ್ದು 2015ರಲ್ಲಿ: ಹನಿ ಮಣ್ಣಿಗೆ ಬಿದ್ದಾಗ ಸಂದುಗಳ ಗಾಳಿ ಹನಿಯೊಳಗೆ ಗುಳ್ಳೆಯಾಗಿ ಏರಿ, ಸೋಡಾದಂತೆ ಸಿಡಿದು, ವಾಸನೆಯ ಕಣಗಳನ್ನು ಚಿಮ್ಮಿಸುತ್ತದೆ. ಹಗುರ, ನಡುತರದ ಮಳೆಯಲ್ಲಿ ಇದು ಹೆಚ್ಚು, ಜಡಿಮಳೆಯಲ್ಲಿ ಕಡಿಮೆ. ಹನಿ ಬಿದ್ದ ಕುಳಿ ಕಲ್ಲಾಗಿ ಉಳಿಯುವುದೂ ಉಂಟು. ದಕ್ಷಿಣ ಆಫ್ರಿಕದಲ್ಲಿ 270 ಕೋಟಿ ವರ್ಷ ಹಳೆಯ ಬೂದಿಗಲ್ಲಿನ ಮೇಲೆ ಮಳೆಹನಿಯ ಗುರುತುಗಳಿವೆ. ಸಂಡೂರಿನ ಬೆಟ್ಟಗಳ ಕಲ್ಲುಗಳೂ ಹೆಚ್ಚುಕಡಿಮೆ ಅದೇ ವಯಸ್ಸಿನವು. ಕುಳಿಯ ಅಗಲದಿಂದ ಹನಿಯ ವೇಗ, ವೇಗದಿಂದ ಅಂದಿನ ಗಾಳಿಯ ದಟ್ಟಣೆ ಲೆಕ್ಕ ಹಾಕಿ, ಅದು ಇಂದಿನದಕ್ಕಿಂತ ಎರಡು ಪಟ್ಟಿಗಿಂತ ಹೆಚ್ಚಿರಲಾರದು ಎಂದು 2012ರಲ್ಲಿ ಒಂದು ತಂಡ ಬರೆಯಿತು. ಕುಳಿಯ ಗಾತ್ರ ಮಳೆಯ ಬಿರುಸಿನ ಮೇಲೂ ನಿಂತಿರುತ್ತದೆ, ಲೆಕ್ಕ ಅಷ್ಟು ಬಿಗಿಯಲ್ಲ ಎಂದು ಮೂರು ವರ್ಷದಲ್ಲಿ ಇನ್ನಿಬ್ಬರು ತಕರಾರು ತೆಗೆದರು.

ಇಷ್ಟೆಲ್ಲ ಕ್ಯಾಮೆರಾ, ಲೇಸರ್‌ಗಳ ನಡುವೆ ಹನಿಯ ಗಾತ್ರ ಅಳೆಯುವ ಒಂದು ಅಗ್ಗದ ವಿಧಾನ ಇನ್ನೂ ಬಳಕೆಯಲ್ಲಿದೆ. ಹಿಮದ ಹರಳುಗಳ ಫೋಟೊಗಳಿಂದ ಹೆಸರಾದ ಅಮೆರಿಕದ ರೈತ ವಿಲ್ಸನ್ ಬೆಂಟ್ಲಿ 1904ರಲ್ಲಿ ಇದನ್ನು ಪ್ರಕಟಿಸಿದ. ಅಗಲ ತಟ್ಟೆಯಲ್ಲಿ ಒಂದಿಂಚು ದಪ್ಪ ಜರಡಿ ಹಿಡಿದ ಹಿಟ್ಟು ಹರವಿ, ಮೇಲೆ ಮುಚ್ಚಳ ಹಿಡಿದು ಮಳೆಗೆ ಒಯ್ಯಬೇಕು. ಮುಚ್ಚಳ ತೆಗೆದು, ನಾಲ್ಕು ಎಣಿಸುವಷ್ಟು ಹೊತ್ತು ಬಿಟ್ಟು, ಮತ್ತೆ ಮುಚ್ಚಬೇಕು. ಪ್ರತಿ ಹನಿಯೂ ಹಿಟ್ಟಿನಲ್ಲಿ ಒಂದೊಂದು ಉಂಡೆಯಾಗಿರುತ್ತದೆ. ಆರಿದ ಮೇಲೆ ಜರಡಿಯಲ್ಲಿ ಸೋಸಿ, ಅಳತೆಪಟ್ಟಿಯಿಟ್ಟು ಅಳೆಯಬೇಕು. ಸಿರುಗುಪ್ಪದ ಯಾವುದೇ ಶಾಲೆಯ ಅಂಗಳದಲ್ಲಿ, ಚಿತ್ತೆ ಮಳೆಯ ಒಂದು ಸಂಜೆಗೆ, ಅರ್ಧ ಸೇರು ಮೈದಾಹಿಟ್ಟು ಸಾಕು.